ಐದನೇ ಹಾಡಿನ ಮೇಡಂ

ಮಾರ್ಚ್ 3, ಸೋಮವಾರ

ನಮ್ಮ ಕಾಲೇಜು ಪತ್ರಿಕೆಯ ಕೋಣೆ ಇರುವುದು ಕ್ಯಾಂಟೀನಿನ ಕೆಳಗಿನ ನೆಲಮಾಳಿಗೆಯಲ್ಲಿ. ಮೇಲೆ ಪಾತ್ರೆ ತೊಳೆದ ನೀರು ನಮ್ಮ ತಲೆಯ ಮೇಲಿನ ಪೈಪಿನಲ್ಲಿ ಗೊಳಗೊಳ ಹರಿಯುತ್ತದೆ. ಎಲ್ಲೋ ಒಂದು ಕಡೆ ಸೋರಿ ಗೋಡೆಯುದ್ದಕ್ಕೂ ಜಿಡ್ಡಿನ ಗೆರೆ ಇಳಿದಿದೆ. ಇವತ್ತು ಆ ಗೆರೆಯ ಕೆಳಗೇ ಕೂರಿಸಿಕೊಂಡು ಸಂಪಾದಕ ನನಗೆ ಕೆಲಸ ಒಪ್ಪಿಸಿದ. ಸಂಪಾದಕ ಎಂದರೆ ನನಗಿಂತ ಒಂದೇ ವರ್ಷ ದೊಡ್ಡವನು. ಉಗುರು ಕಚ್ಚುತ್ತಾನೆ. ಕಚ್ಚಿದ್ದನ್ನು ಅತ್ತ ಎಸೆಯುವುದೂ ಇಲ್ಲ, ಕೀಬೋರ್ಡಿನ ಮೇಲೇ ಉದುರಿಸುತ್ತಾನೆ. ನಾವೆಲ್ಲ ಅವನ ಬೆನ್ನ ಹಿಂದೆ 'ಉಗುರು' ಎಂದೇ ಕರೆಯುವುದು.

"ವಾರ್ಷಿಕ ಸಂಚಿಕೆಗೆ ಗೋಂದು ಆಲ್ಬಮ್ಮಿನ ವಿಮರ್ಶೆ ನೀನು ಬರಿ. ಎರಡು ಪುಟ. ತಿಂಗಳ ಕೊನೆಗೆ ಬೇಕು."

"ನಂಗೆ ರ‍್ಯಾಪ್ ಅಂದ್ರೇನೇ ಆಗಲ್ವಲ್ಲ."

"ಅದಕ್ಕೇ ನಿಂಗೆ ಕೊಡ್ತಿರೋದು. ಉಳಿದವ್ರೆಲ್ಲ ಈಗಲೇ ಅವನ ಭಕ್ತರು. ನೀನಾದ್ರೆ ಮೂಗು ಮುರೀದೆ ಯಾವುದನ್ನೂ ನೋಡಲ್ಲ."

ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಗೋಂದು ಎಂಬುದು ಆ ರ‍್ಯಾಪರ್ ತಾನೇ ಇಟ್ಟುಕೊಂಡ ಹೆಸರು. ಊರಾಚೆ ಮೂಳೆ ಬೇಯಿಸಿ ಅಂಟು ತೆಗೆಯುವ ಕಾರ್ಖಾನೆ ಇದೆಯಲ್ಲ, ಅಲ್ಲಿನ ಕೇರಿಯವನಂತೆ. ಆಲ್ಬಮ್ಮಿನ ಹೆಸರು 'ಮೂಗು ಮುಚ್ಕೊಳ್ಳಿ'. ಒಂಬತ್ತು ಹಾಡು. ಮೊದಲನೆಯದು ಕಫ ಕ್ಯಾಕರಿಸಿ ಉಗಿಯುವ ಸದ್ದಿನಿಂದ ಶುರುವಾಗುತ್ತದೆ. ಎರಡನೆಯದರಲ್ಲಿ ಏನೋ ಕೊತಕೊತ ಕುದಿಯುತ್ತದೆ, ಆ ಕುದಿತವೇ ತಾಳ. ಮೂರನೆಯದು ನೊಣಗಳ ಬಗ್ಗೆ. ಅಲ್ಲಿಗೆ ಸಾಕಾಗಿ ಹೆಡ್‌ಫೋನ್ ತೆಗೆದು ಸ್ಪಿರಿಟ್ ಹಚ್ಚಿ ಒರೆಸಿದೆ.

ವಿಮರ್ಶೆಯ ಮೊದಲ ವಾಕ್ಯ ಸಿಕ್ಕಿತು: "ಈ ಆಲ್ಬಮ್ ಕೇಳಿದ ಮೇಲೆ ನಾನು ಕಿವಿ ತೊಳೆದುಕೊಂಡೆ."

ದೊಡ್ಡ ಪತ್ರಿಕೆಯ ತರಬೇತಿಗೆ ಅರ್ಜಿ ಹಾಕಲು ಒಂದು ಜೋರಾದ ಬರಹ ಬೇಕಾಗಿತ್ತು. ಇದೇ ಅದು. ಹೊಗಳಿದ ವಿಮರ್ಶೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮಾರ್ಚ್ 5, ಬುಧವಾರ

ಬಸ್ಸಿನಲ್ಲಿ ಪಕ್ಕದವನ ಕಂಕುಳು. ನಾಲ್ಕು ನಿಲ್ದಾಣ ಉಸಿರು ಹಿಡಿದು ಕೂತು, ಕೊನೆಗೆ ಎದ್ದು ನಿಂತೆ. ನಿಂತಲ್ಲಿ ಕಂಬಿ ಅಂಟಂಟು. ಮನೆಗೆ ಬಂದು ಎರಡು ಸಲ ಕೈ ತೊಳೆದೆ. ಶಾಲೆಯ ಕಚೇರಿಯಿಂದ ಆಗಷ್ಟೇ ಬಂದಿದ್ದ ಅಮ್ಮ, "ಕರ್ಚೀಫಿಗೆ ಎರಡು ಹನಿ ಸೆಂಟು ಹಾಕ್ಕೊಂಡು ಹೋಗು ಅಂತ ಎಷ್ಟು ಸಲ ಹೇಳಿಲ್ಲ?" ಅಂದಳು. ಹೇಳಿದ್ದಾಳೆ. ನಾನು ಮರೆಯುತ್ತೇನೆ.

ಐದನೇ ಹಾಡು ಕೇಳಿದೆ. ಕಾಲೇಜಿನ ಮೆಟ್ಟಿಲು ಮೆಟ್ಟಿಲಲ್ಲೂ ಈಗ ಕೇಳಿಸುತ್ತಿರುವುದು ಇದೇ. ಹೆಸರು 'ಮೇಡಂ'. ಶಾಲೆಯ ಕಚೇರಿಯ ಮೂರನೇ ಕಿಟಕಿ, ಅಲ್ಲಿ ಕೂತ ಗುಮಾಸ್ತೆ, ಪ್ರತಿ ಸೋಮವಾರ ಬಸ್ ಪಾಸಿಗೆ ಮೊಹರು ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತ ಹುಡುಗ. ಅವನು ಹತ್ತಿರ ಬಂದೊಡನೆ ಆಕೆ ಡ್ರಾಯರಿನಿಂದ ಸ್ಪ್ರೇ ಡಬ್ಬಿ ತೆಗೆದು ಗಾಳಿಗೆ 'ಸ್‌ಸ್‌ಸ್' ಎಂದು ಹೊಡೆಯುತ್ತಾಳೆ. ಪಲ್ಲವಿಯನ್ನು ಅವನು ಆಕೆಯ ದನಿಯಲ್ಲೇ, ಮೂಗಿನಲ್ಲಿ ಹೇಳುತ್ತಾನೆ:

ಮುಂದೆ ಬಾ, ಹತ್ತಿರ ಬರಬೇಡ
ಕೈ ಚಾಚು, ಕಾಗದ ಮುಟ್ಟಬೇಡ
ಹೆಸರು ಹೇಳು, ಉಸಿರು ಬಿಡಬೇಡ
ಮೇಡಂ, ಮೇಡಂ, ನಾನೇನು ನೊಣಾನಾ?

ಒಪ್ಪಿಕೊಳ್ಳಬೇಕು, ಇದೊಂದು ಚೆನ್ನಾಗಿದೆ. ಬೆರಳಿಗೆ ಹಾಕಿದ ರಬ್ಬರ್ ಟೋಪಿ, ಸೊಂಟದ ಕೀಲಿಗೊಂಚಲು, ಮೊಹರಿನ ಪ್ಯಾಡಿಗೆ ಉಸಿರು ಊದುವುದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ವಾಕರಿಕೆ ಬರಿಸುವ ಹೆಂಗಸು. ಪ್ರತಿ ಕಚೇರಿಯಲ್ಲೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ ಎಂದು ಟಿಪ್ಪಣಿ ಮಾಡಿಕೊಂಡೆ.

ಮಾರ್ಚ್ 6, ಗುರುವಾರ

ಕಾರಿಡಾರಿನಲ್ಲಿ ಹುಡುಗರು ಒಬ್ಬರ ಮುಖಕ್ಕೊಬ್ಬರು 'ಸ್‌ಸ್‌ಸ್' ಮಾಡುತ್ತ ಓಡಾಡುತ್ತಿದ್ದಾರೆ. ಎಂಜಲು ಹಾರುತ್ತದೆ. ಥೂ.

ವಿಮರ್ಶೆಯ ಯೋಜನೆ ಹೀಗೆ: ಎಂಟು ಹಾಡುಗಳಿಗೆ ಚೆನ್ನಾಗಿ ಬಾರಿಸುವುದು, ಐದನೆಯದಕ್ಕೆ ಒಂದು ಪ್ಯಾರಾ ಮೆಚ್ಚುಗೆ. ಆಗ ನಿಷ್ಪಕ್ಷಪಾತಿ ಅನ್ನಿಸುತ್ತದೆ.

ಮಾರ್ಚ್ 8, ಶನಿವಾರ

ಬಚ್ಚಲಿನ ಪೈಪು ಕಟ್ಟಿಕೊಂಡಿತ್ತು. ನಲ್ಲಿ ರಿಪೇರಿಯವನು ಬಂದ. ಕೈಯಲ್ಲಿ ಚೀಲ, ಮೊಣಕಾಲಿನವರೆಗೆ ಕೆಸರು. ಅಮ್ಮ ಬಾಗಿಲಲ್ಲಿ ನಿಂತು ಕರ್ಚೀಫು ಮೂಗಿಗೆ ಹಿಡಿದು ಹೇಳಿದಳು: "ಮುಂದೆ ಬನ್ನಿ. ಹತ್ತಿರ ಬರಬೇಡಿ, ಅಲ್ಲೇ ಚಪ್ಪಲಿ ಬಿಡಿ."

ನಾನು ಊಟ ಮಾಡುತ್ತಿದ್ದೆ. ತಟ್ಟೆ ಕೆಳಗಿಟ್ಟೆ.

ಅವನು ಪೈಪಿನಿಂದ ಕೂದಲಿನ ಉಂಡೆ ಎಳೆದು ತೆಗೆದ. ಇಲಿಯಷ್ಟು ದಪ್ಪ, ಕಪ್ಪಗೆ, ಲೋಳೆ ಸುರಿಯುತ್ತಿತ್ತು. "ನಿಮ್ಮದೇ ಕೂದಲು ಮೇಡಂ," ಅಂದ. ನಮ್ಮದೇ.

ಮಾರ್ಚ್ 9, ಭಾನುವಾರ

ಹಳೆಯ ಸಂದರ್ಶನವೊಂದರಲ್ಲಿ ಗೋಂದು ಓದಿದ ಶಾಲೆಯ ಹೆಸರಿದೆ. ಅಮ್ಮನ ಶಾಲೆ. ಅವನಿಗೀಗ ಇಪ್ಪತ್ನಾಲ್ಕು, ಅಮ್ಮ ಆ ಕಿಟಕಿಯಲ್ಲಿ ಕೂತು ಇಪ್ಪತ್ತೆರಡು ವರ್ಷ. ಲೆಕ್ಕ ಹಾಕಲು ಬೆರಳು ಬೇಕಾಗಲಿಲ್ಲ.

ನನ್ನನ್ನು ಆ ಶಾಲೆಗೆ ಸೇರಿಸಿರಲಿಲ್ಲ. "ಅಲ್ಲಿ ಎಂಥೆಂಥ ಮಕ್ಕಳೋ ಬರ್ತವೆ, ನಿಂಗೆ ಬೇಡ," ಅಂದಿದ್ದಳು. ನನಗೆ ಆಗ ಅದು ಹೆಮ್ಮೆ.

ಮಾರ್ಚ್ 11, ಮಂಗಳವಾರ

ಇವತ್ತು ಉಗುರಿನ ಜೊತೆ ಜಗಳ. ಐದನೇ ಹಾಡನ್ನು ಬಿಟ್ಟು ಬರೆಯುತ್ತೇನೆ ಅಂದೆ.

"ತಲೆ ಕೆಟ್ಟಿದ್ಯಾ? ಆ ಹಾಡೇ ಆಲ್ಬಮ್ಮು."

"ಒಬ್ಬ ಗುಮಾಸ್ತೇನ ಹೀಗೆ ಬೀದೀಲಿ ನಿಲ್ಲಿಸೋದು ಹೊಲಸು ಕೆಲಸ. ಆಕೆಗೂ ಮನೆ ಮಠ ಇರುತ್ತೆ."

"ಇರ‍್ಲಿ ಬಿಡು. ಆಕೆನ ಹುಡುಕಿ ಆ ಕಿಟಕೀದೇ ಒಂದು ಫೋಟೋ ಹಾಕಿದ್ರೆ ಹೇಗೆ? ಶಾಲೆ ಯಾವುದು ಅಂತ ಕಂಡುಹಿಡಿಯೋದು ಕಷ್ಟ ಅಲ್ಲ."

"ಬೇಡ."

"ಯಾವಳೋ ಕ್ಲರ್ಕಿಗೆ ನೀನ್ಯಾಕೆ ಉರ‍್ಕೊಳ್ತೀಯ?"

ಅವನ ಕೆಳದುಟಿಯ ಮೇಲೆ ಉಗುರಿನ ಚೂರೊಂದು ಅಂಟಿತ್ತು. ಅದನ್ನೇ ನೋಡುತ್ತ ನಿಂತೆ. ಅವನ ಮೇಲೆ ಹೇಸಿಗೆಯಾಯಿತು, ಆ ಕಿಟಕಿಯ ಹಿಂದೆ ಕೂತಿರುವ ಅಮ್ಮನ ಮೇಲೂ ಆಯಿತು, ಕಾಸಿಗಾಗಿ ಅವಳನ್ನು ಊರಿಗೆಲ್ಲ ಹಾಡಿ ತೋರಿಸಿದ ಆ ಗೋಂದುವಿನ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಆಯಿತು.

ಮಾರ್ಚ್ 12, ಬುಧವಾರ

ಅಮ್ಮನಿಗೆ ಹಾಡು ಕೇಳಿಸಿದೆ.

ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಕೇಳಿದಳು. 'ಸ್‌ಸ್‌ಸ್' ಬಂದಾಗ ಒಂದು ಕ್ಷಣ ಕೈ ನಿಂತಿತು. ಪೂರ್ತಿ ಮುಗಿದ ಮೇಲೆ, "ನನ್ನ ದನಿ ಹೀಗಿದ್ಯಾ?" ಎಂದು ಕೇಳಿದಳು.

"ಯಾರು ಅಂತ ಗೊತ್ತಾಯ್ತು ಬಿಡು. ಕಡ್ಡಿ ಥರ ಇದ್ದ. ವಾಸನೆ ಅಂದ್ರೆ ವಾಸನೆ ಕಣೇ, ಸತ್ತಿದ್ದು ಏನೋ ಜೇಬಲ್ಲಿಟ್ಕೊಂಡ ಹಾಗೆ. ಇರಲಿಲ್ಲ ಅಂತ ಸುಳ್ಳು ಹೇಳ್ಲಾ?"

"ಮುಖದ ಮೇಲೆ ಸ್ಪ್ರೇ ಹೊಡೆದ್ಯಾ?"

"ಮುಖಕ್ಕಲ್ಲ. ಗಾಳೀಗೆ." ಆಮೇಲೆ ಟವೆಲ್ಲನ್ನು ಕೊಡವಿ, "ಸೋಪು ಕೊಟ್ಟಿದ್ದು ಯಾಕೆ ಹಾಕಿಲ್ಲ ಅವನು?" ಅಂದಳು.

"ಯಾವ ಸೋಪು?"

"ನಾನು ಒಂದು ಒಳ್ಳೆ ಸೋಪು ಕೊಟ್ಟಿದ್ದೆ. ಹೊಸದು, ಮೇಲಿನ ಕಾಗದಾನೂ ಬಿಚ್ಚಿರಲಿಲ್ಲ. ಆ ಶಾಲೇಲಿ ಅಷ್ಟು ಜನ ಮೇಷ್ಟ್ರುಗಳಿದ್ರಲ್ಲ, ಒಬ್ರಾದ್ರೂ ಆ ಹುಡುಗನಿಗೆ ಏನಾದ್ರೂ ಕೊಟ್ರಾ? ಮೂಗು ಮುಚ್ಕೊಂಡು ಪಾಠ ಮಾಡಿದ್ರು ಅಷ್ಟೆ. ನಾನು ಕೊಟ್ಟೆ. ಅದು ಹಾಡಾಗಲ್ಲ, ಅಲ್ವಾ?"

"ಎಲ್ಲರ ಮುಂದೆ ಕೊಟ್ಯಾ?"

"ಸಾಲು ಇತ್ತಪ್ಪ. ಬೇರೆಲ್ಲಿ ಕರೆದು ಕೊಡ್ಲಿ?"

ಮಾರ್ಚ್ 13, ಗುರುವಾರ

ರಾತ್ರಿ ನಿದ್ದೆ ಹತ್ತಿರಲಿಲ್ಲ, ಬೆಳಿಗ್ಗೆ ದಾರಿ ಕಂಡಿತು. ಸೋಪು! ಅವನು ತನಗೆ ಬೇಕಾದ್ದನ್ನಷ್ಟೇ ಇಟ್ಟುಕೊಂಡು, ಅಮ್ಮನ ಕಡೆಗಿದ್ದ ಒಂದೇ ಒಂದು ಒಳ್ಳೆಯ ಮಾತನ್ನು ಕತ್ತರಿಸಿ ಎಸೆದಿದ್ದಾನೆ. ಸತ್ಯ ಹೇಳುತ್ತೇನೆ ಎಂದು ಎದೆ ಬಡಿದುಕೊಳ್ಳುವವನ ಅರ್ಧ ಸತ್ಯ. ಇದನ್ನು ಅವನ ಬಾಯಿಂದಲೇ ಹೇಳಿಸಿ ಬರೆದರೆ ವಿಮರ್ಶೆ ಅಂದರೆ ಏನೆಂದು ಊರಿಗೆ ಗೊತ್ತಾಗುತ್ತದೆ. ಅಮ್ಮನ ವಿಷಯ ಯಾರಿಗೂ ಹೇಳಬೇಕಾಗಿಲ್ಲ.

ಅವನಿಗೆ ಫೋನು ಮಾಡಿದೆ. ಎಂಥ ಮೆತ್ತಗಿನ ದನಿ! ಭಾನುವಾರ ಮನೆಗೇ ಬನ್ನಿ ಅಂದ.

ಮಾರ್ಚ್ 16, ಭಾನುವಾರ

ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಬಸ್ಸು ಕೊನೆಯ ನಿಲ್ದಾಣಕ್ಕೆ ಬರುವ ಮೊದಲೇ ವಾಸನೆ ಶುರು. ಕೊಳೆತದ್ದಲ್ಲ, ಬೆಂದದ್ದು. ಮೂಳೆ, ಗೊರಸು, ತೊಗಲಿನ ಚೂರು ಎಲ್ಲ ದಿನಗಟ್ಟಲೆ ಬೆಂದರೆ ಏಳುವ ಸಿಹಿಮಿಶ್ರಿತ ನಾತ. ಅದು ಮೂಗಿನಲ್ಲಿ ನಿಲ್ಲುವುದಿಲ್ಲ, ನಾಲಿಗೆಯ ಮೇಲೆ ಕೂರುತ್ತದೆ. ಚರಂಡಿಯ ನೀರಿನ ಮೇಲೆ ಬೂದುಬಣ್ಣದ ಕೆನೆ ಕಟ್ಟಿತ್ತು. ಕರ್ಚೀಫಿಗೆ ನಾಲ್ಕು ಹನಿ ಸೆಂಟು ಹಾಕಿಕೊಂಡಿದ್ದೆ, ಅದು ಈ ನಾತದ ಜೊತೆ ಸೇರಿ ಇನ್ನೂ ಕೆಟ್ಟದಾಯಿತು.

ಸಾಲುಮನೆಗಳಲ್ಲಿ ಕೊನೆಯದು ಅವನದು. ಎರಡು ಕೋಣೆ. ಗೋಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ. ನಾನು ನೆನೆಸಿಕೊಂಡಿದ್ದ ಸರ, ಟೋಪಿ ಏನೂ ಇಲ್ಲ. ಕೈಗಳನ್ನು ನೋಡಿದೆ: ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಸುಲಿದು ಕೆಂಪಗಾಗಿದೆ. ನಾನಿದ್ದ ಒಂದು ಗಂಟೆಯಲ್ಲಿ ಮೂರು ಸಲ ಎದ್ದು ಹೋಗಿ ತೊಳೆದುಕೊಂಡು ಬಂದ.

ಅವನ ಅಮ್ಮ ಟೀ ತಂದರು. ಕಾರ್ಖಾನೆಯಲ್ಲಿ ಈಗಲೂ ಕೆಲಸ, ಇವತ್ತು ರಜೆ. ಕೋಣೆಯ ನಡುವೆ ಒಂದು ಸ್ಟೂಲು ಇತ್ತು. ಲೋಟವನ್ನು ಅದರ ಮೇಲಿಟ್ಟು, ಹಿಂದೆ ಸರಿದು ಒಳಬಾಗಿಲ ಹೊಸ್ತಿಲಲ್ಲಿ ಕೂತರು. "ತಗೋ ಕಂದಾ, ಬಿಸಿ ಇದೆ ಜೋಪಾನ." ನನ್ನ ಕೈಗೇ ಕೊಡಬಹುದಿತ್ತಲ್ಲ ಅನ್ನಿಸಿತು.

ಬೀಟು, ಪ್ರಾಸ ಎಂದು ನಾಲ್ಕು ಪ್ರಶ್ನೆ ಕೇಳಿ ಮುಗಿಸಿ ಅಸಲಿಗೆ ಬಂದೆ.

"ಆ ಮೇಡಂ ನಿಮಗೆ ಸೋಪು ಕೊಟ್ಟಿದ್ರಲ್ಲ, ಅದು ಹಾಡಲ್ಲಿ ಯಾಕಿಲ್ಲ?"

ಅವನು ಬಾಯಿ ತೆರೆಯುವ ಮೊದಲೇ ಹೊಸ್ತಿಲಿಂದ ಉತ್ತರ ಬಂತು. "ಕೇಳಿದ್ಯೇನೋ? ನಾನೂ ಅದನ್ನೇ ಬಡ್ಕೊಳ್ತಿರೋದು. ಅಷ್ಟು ಒಳ್ಳೆಯವ್ರನ್ನ ಹಾಗೆಲ್ಲ ಹಾಡಬಾರ್ದು ಅಂತ."

"ಅಮ್ಮಾ, ಸುಮ್ನಿರು."

"ಸುಮ್ನೆ ಯಾಕಿರ‍್ಲಿ? ಆ ಹುಡುಗಿ ಬರ‍್ಕೊಳ್ಳಕ್ಕೇ ತಾನೆ ಬಂದಿರೋದು?" ನನ್ನ ಕಡೆ ತಿರುಗಿದರು. "ಒಂದಿನ ಸೋಪು ತಂದು ಕೊಟ್ಟ ಕಣಮ್ಮಾ. ಹಳದೀದು. ಘಮಘಮ ಅಂತಿತ್ತು. ಶಾಲೇಲಿ ಮೇಡಂ ಕೊಟ್ರು ಅಂದ, ಮುಖ ಗೋಡೆ ಕಡೆ ಮಾಡ್ಕೊಂಡು ಮಲಗಿದ. ನಂಗೆ ಆಗ ಅರ್ಥ ಆಯ್ತು. ವಾಸನೆ ಇವನದ್ದಲ್ಲ, ನಂದು. ಕೆಲಸದಿಂದ ಬಂದವಳೇ ಇವನನ್ನ ಬಾಚಿ ತಬ್ಕೊಳ್ತಿದ್ದೆ, ಒಬ್ನೇ ಮಗ ನೋಡು. ಅದು ಇವನ ಬಟ್ಟೆಗೆ ಹತ್ತಿ ಶಾಲೆಗೆ ಹೋಗ್ತಿತ್ತು. ಅವತ್ತಿಂದ ಬಿಟ್ಬಿಟ್ಟೆ."

"ಏನು ಬಿಟ್ರಿ?"

"ಹತ್ರ ಹೋಗೋದು. ಇವನ ಬಟ್ಟೆ ಬಸ್ ನಿಲ್ದಾಣದ ಆಚೆ ಪರಿಚಯದವ್ರ ಮನೇಲಿ ಇಡಿಸ್ತಿದ್ದೆ. ಊಟಕ್ಕೆ ಬಡಿಸಿ ಇಲ್ಲಿ ಬಂದು ಕೂರ‍್ತಿದ್ದೆ. ಆಮೇಲೆ ಶಾಲೇಲಿ ಯಾರೂ ಒಂದು ಮಾತು ಅನ್ನಲಿಲ್ಲ. ಆ ಮೇಡಂ ತಿಳಿಸದೇ ಇದ್ದಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತು? ಮೂಳೆ ಬೇಯ್ಸೋರ ಮೂಗಿಗೆ ಏನೂ ತಿಳಿಯಲ್ಲ. ಪುಣ್ಯಾತ್ಗಿತ್ತಿ."

ಎಷ್ಟು ವರ್ಷವಾಯಿತು ಎಂದು ಕೇಳಿದೆ. ಹತ್ತು ಅಂದರು. ಈಗ ರೂಢಿ ಆಗಿದೆ, ಹತ್ತಿರ ಕೂತರೇ ಒಂಥರಾ ಅನ್ನಿಸುತ್ತದೆ ಎಂದು ನಕ್ಕರು.

ಟೀ ಕುಡಿದು ಮುಗಿಸಿದೆ. ಚೆನ್ನಾಗಿತ್ತು, ಇನ್ನರ್ಧ ಲೋಟ ಹಾಕಿಸಿಕೊಂಡೆ.

ಗೋಂದು ಬೀದಿಯ ತುದಿಯವರೆಗೂ ಬಂದ. "ಅದನ್ನ ಬರೀಬೇಡಿ. ಸೋಪಿನ ಹಾಡೂ ಒಂದಿತ್ತು, ಹರಿದು ಹಾಕ್ದೆ. ಅಮ್ಮ ಅದನ್ನ ಉಪಕಾರ ಅಂದ್ಕೊಂಡಿದಾಳೆ. ಹತ್ತು ವರ್ಷ ಮಗನ್ನ ಮುಟ್ಟದೆ ಇದ್ದಿದ್ದು ಸುಮ್ ಸುಮ್ನೆ ಅಂತ ಈಗ ನಾನು ಹಾಡಿ ಹೇಳ್ಲಾ?"

ಇಲ್ಲ, ಬರೆಯುವುದಿಲ್ಲ ಅಂದೆ.

"ನಿಮಗೆ ಸೋಪಿನ ವಿಷಯ ಯಾರು ಹೇಳಿದ್ರು?"

ಸುಳ್ಳು ಹೇಳಲು ಬಾಯಿ ತೆರೆದೆ, ನಿಜವೇ ಬಂತು. "ಆಕೆ ನಮ್ಮಮ್ಮ."

ಅವನು ಚರಂಡಿಯ ಕಡೆ ತಿರುಗಿದ. "ಅವರು ಹಾಡು ಕೇಳಿದ್ರಾ?"

"ಕೇಳಿದ್ರು."

"ಏನಂದ್ರು?"

"ಸೋಪು ಯಾಕೆ ಹಾಕಿಲ್ಲ ಅಂದ್ರು."

ನಗಲು ಶುರು ಮಾಡಿದ. ಎಷ್ಟು ನಕ್ಕ ಎಂದರೆ ಕಟ್ಟೆಯ ಮೇಲೆ ಕೂರಬೇಕಾಯಿತು. ನನಗೂ ನಗು ಬಂತು. ಇಬ್ಬರೂ ನಗುತ್ತಿದ್ದೆವು, ಆಮೇಲೆ ಅವನು ಒಬ್ಬನೇ ನಿಲ್ಲಿಸಿದ.

ಮಾರ್ಚ್ 17, ಸೋಮವಾರ

ಉಗುರಿಗೆ ಎಲ್ಲ ಹೇಳಿದೆ, ಸೋಪೊಂದು ಬಿಟ್ಟು. ಆ ಮೇಡಂ ನನ್ನಮ್ಮ, ಅದಕ್ಕೇ ಫೋಟೋ ಬೇಡ ಅಂದಿದ್ದು ಅಂದೆ.

ಹೋ, ಸುದ್ದಿ ಅಂದರೆ ಇದು ಎಂದು ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ಕಚ್ಚುತ್ತಿದ್ದ ಹೆಬ್ಬೆರಳನ್ನು ಬಾಯಿಂದ ತೆಗೆದ.

"ಮೊದಲೇ ಹೇಳ್ಬೇಕಿತ್ತು ನೀನು."

"ಮೊದಲು ನಂಗೇ ಗೊತ್ತಿರಲಿಲ್ಲ."

"ಗೊತ್ತಾದ್ಮೇಲೆ?"

ಕೀಬೋರ್ಡಿನ ಮೇಲಿದ್ದ ಉಗುರಿನ ಚೂರುಗಳನ್ನು ಅಂಗೈಯಿಂದ ಗುಡಿಸಿ ಹಾಕಿದೆ.

"ಫೋಟೋ ಹಾಕಲ್ಲ. ಯಾರ‍್ಗೂ ಹೇಳೋದೂ ಇಲ್ಲ. ಆದ್ರೆ ವಿಮರ್ಶೆ ನೀನು ಬರೆಯೋ ಹಾಗಿಲ್ಲ. ಬೈದ್ರೂ ತಪ್ಪು, ಹೊಗಳಿದ್ರೂ ತಪ್ಪು."

ಸರಿ ಅಂದೆ. ಸರಿಯೇ. ತರಬೇತಿಯ ಅರ್ಜಿಗೆ ಕಳಿಸಲು ನನ್ನ ಹತ್ತಿರ ಈಗ ಗ್ರಂಥಾಲಯದ ಕೆಟ್ಟ ಫ್ಯಾನುಗಳ ಮೇಲಿನ ವರದಿಯೊಂದೇ ಉಳಿದಿದೆ. ಅವನ ಮೇಜಿನ ಮೇಲೆ ಮೊಣಕೈ ಊರಿ ಅಲ್ಲೇ ಕೂತು ಅರ್ಜಿ ತುಂಬಿಸಿ ಕಳಿಸಿದೆ. ಅವನು ಕಾಗುಣಿತ ನೋಡಿಕೊಟ್ಟ. ಅವನ ಅಪ್ಪ ಶಾಲೆಯ ವ್ಯಾನಿನ ಡ್ರೈವರಂತೆ. ಇಷ್ಟು ದಿನ ಗೊತ್ತಿರಲಿಲ್ಲ.

ಮಾರ್ಚ್ 19, ಬುಧವಾರ

ಗೋಂದು ಅವನಮ್ಮನಿಗೆ ಹೇಳದೆ ಇಟ್ಟುಕೊಂಡಿದ್ದಾನೆ. ನಾನೂ ನನ್ನಮ್ಮನಿಗೆ ಹೇಳದೆ ಇಟ್ಟುಕೊಳ್ಳಬಹುದಿತ್ತು. ಎರಡು ದಿನ ಇಟ್ಟುಕೊಂಡೆ. ಬಾಯಲ್ಲಿ ಕೆಟ್ಟು ಹೋದದ್ದೇನೋ ಇಟ್ಟುಕೊಂಡ ಹಾಗಿತ್ತು. ಇವತ್ತು ಅಮ್ಮ ಬೀನ್ಸ್ ಹೆಚ್ಚುತ್ತಿದ್ದಾಗ ಹೇಳಿಬಿಟ್ಟೆ.

"ಮಗನ್ನ ಮುಟ್ಟಬೇಡ ಅಂತ ನಾನು ಹೇಳಿದ್ನಾ?" ದನಿ ಏರಿತು. "ಒಳ್ಳೇದಕ್ಕೆ ಕೊಟ್ಟೆ. ಅವಳು ಹಾಗೆ ತಿಳ್ಕೊಂಡ್ರೆ ನನ್ನ ತಪ್ಪಾ?"

"ಸಾಲಲ್ಲಿ ಎಷ್ಟು ಜನ ಇದ್ರಮ್ಮ?"

"ನನ್ನೇ ವಿಚಾರಣೆ ಮಾಡ್ತೀಯಾ? ನಿನ್ನನ್ನ ಬೆಳೆಸಿದ್ದು ನಾನು. ಬಸ್ಸಲ್ಲಿ ಪಕ್ಕದವನ ವಾಸನೆಗೆ ಎದ್ದು ನಿಲ್ತೀಯಲ್ಲ, ಆ ಮೂಗೂ ನಂದೇ ಕಣೇ."

ಹೌದು ಅಂದೆ. ಅದಕ್ಕೆ ಅವಳು ಸಿದ್ಧವಿರಲಿಲ್ಲ ಅನ್ನಿಸುತ್ತದೆ.

"ನಂಗೂ ಒಬ್ರು ಸೋಪು ಕೊಟ್ಟಿದ್ರು," ಅಂದಳು. ಇದನ್ನು ನಾನು ಎಂದೂ ಕೇಳಿರಲಿಲ್ಲ. "ಹನ್ನೊಂದು ಜನಕ್ಕೆ ಒಂದೇ ಬಚ್ಚಲಿನ ಮನೆ ನಮ್ಮದು. ನನ್ನ ಕೂದಲು ನೋಡಿ ಯಾರೂ ಪಕ್ಕ ಕೂರ‍್ತಿರಲಿಲ್ಲ. ಹೊಲಿಗೆ ಟೀಚರ್ ಕರೆದು ಒಂದು ಸೋಪು, ಒಂದು ಬಾಚಣಿಗೆ ಕೊಟ್ರು. ಎಷ್ಟು ಖುಷಿ ಆಗಿತ್ತು ಅಂತೀಯ! ಆ ಸೋಪಿನ ಕಾಗದಾನ ಪುಸ್ತಕದಲ್ಲಿಟ್ಕೊಂಡಿದ್ದೆ. ಒಂದಿನ ನಾನೂ ಯಾರಿಗಾದ್ರೂ ಹೀಗೆ…"

"ಅವಮಾನ ಆಗ್ಲಿಲ್ವಾ ನಿಂಗೆ?"

"ಯಾಕಾಗ್ಬೇಕು? ಅವರು ಕೋಣೆಗೆ ಕರ‍್ಕೊಂಡ್ ಹೋಗಿ, ಬಾಗಿಲು ಹಾಕಿ…"

ಅಲ್ಲಿಗೆ ನಿಂತಳು. ಚಾಕು ಕೆಳಗಿಟ್ಟಳು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಉಳಿದ ಬೀನ್ಸ್ ನಾನು ಹೆಚ್ಚಿದೆ. ಹುಳ ಇದ್ದವು, ತೆಗೆದು ಹಾಕಿದೆ.

ಮಾರ್ಚ್ 24, ಸೋಮವಾರ

ಐದು ದಿನದಿಂದ ಅಮ್ಮ ಬೇಕಾದಷ್ಟೇ ಮಾತಾಡುತ್ತಾಳೆ. ಇವತ್ತು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ, "ಅವರ ಮನೆಗೆ ಯಾವ ಬಸ್ಸು?" ಎಂದು ಕೇಳಿದಳು.

ಮಾರ್ಚ್ 30, ಭಾನುವಾರ

ಹೋಗಿ ಬಂದೆವು.

ಅಮ್ಮ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟಳು. ಡಬ್ಬಿಯ ತುಂಬ ಬಿಸ್ಕತ್ತು ಮಾಡಿದ್ದಳು. "ಹೋದ ಕೂಡ್ಲೇ ಹೇಳ್ಬಿಡ್ತೀನಿ. ನಂದು ತಪ್ಪಾಯ್ತು, ಕ್ಷಮಿಸಿ. ಅಷ್ಟೆ. ಕೂರೋದು ಬೇಡ." ಬಸ್ಸಿನಲ್ಲಿ ಎರಡು ಮೂರು ಸಲ ಹೀಗೆ ತನಗೇ ಹೇಳಿಕೊಂಡಳು. ಅವನಮ್ಮ ಸೋಪನ್ನು ಉಪಕಾರ ಅಂದುಕೊಂಡಿದ್ದಾರೆ, ಸೋಪಿನ ಮಾತು ತೆಗೆಯಬೇಡ, ಸ್ಪ್ರೇ ವಿಷಯಕ್ಕೆ ಮಾತ್ರ ಕೇಳು ಎಂದು ನಾನೂ ಅಷ್ಟೇ ಸಲ ಹೇಳಿದೆ.

ಕೊನೆಯ ನಿಲ್ದಾಣದಲ್ಲಿ ಇಳಿದಾಗಲೇ ಅವಳ ಮುಖ ಬಿಳಿಚಿಕೊಂಡಿತ್ತು. ಕರ್ಚೀಫು ತೆಗೆದಳು, ಮತ್ತೆ ಬ್ಯಾಗಿನೊಳಗೆ ಹಾಕಿದಳು. ಮುಷ್ಟಿ ಬಿಗಿದುಕೊಂಡು ನಡೆದಳು.

ಗೋಂದು ಬಾಗಿಲಲ್ಲಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಎತ್ತರ ಆಗಿದೀಯ," ಅಂದಳು ಅಮ್ಮ.

"ಹೂಂ ಮೇಡಂ."

ಅವನಮ್ಮ ಒಳಗಿಂದ ಬಂದವರು, ಇವರೇ ಆ ಮೇಡಂ ಎಂದು ಮಗ ಹೇಳಿದ ತಕ್ಷಣ ಎರಡೂ ಕೈ ಜೋಡಿಸಿದರು. ಮೊನ್ನೆಯ ಹಾಗೇ ಹಿಂದೆ ಸರಿದು ಗೋಡೆಗೆ ಒರಗಿ ನಿಂತರು. "ಬನ್ನಿ ಮೇಡಂ, ಕೂತ್ಕೊಳ್ಳಿ. ನಾನು ಇಲ್ಲೇ ಇರ‍್ತೀನಿ. ಬೆಳಿಗ್ಗೆ ಅರ್ಧ ಪಾಳಿ ಇತ್ತು, ಈಗಷ್ಟೇ ಬಂದೆ, ಇನ್ನೂ ಸ್ನಾನ ಆಗಿಲ್ಲ."

"ನಾನು…" ಅಂದಳು ಅಮ್ಮ. "ನಾನು ಬಂದಿದ್ದು…"

ಡಬ್ಬಿ ನನ್ನ ಕೈಗೆ ತುರುಕಿ ಹೊರಗೆ ಓಡಿದಳು. ಚರಂಡಿಯ ಅಂಚಿನಲ್ಲಿ ಕುಕ್ಕರಿಸಿದ್ದೇ ವಾಂತಿ. ಬೆಳಗಿನ ಬ್ರೆಡ್ಡು, ಟೀ, ಎಲ್ಲ. ಒಮ್ಮೆ ನಿಂತಿತು ಅನ್ನುವಷ್ಟರಲ್ಲಿ ಮತ್ತೆ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದಕ್ಕಿಂತ ದೊಡ್ಡ ಅವಮಾನವನ್ನು ಆ ಮನೆಗೆ ಮಾಡಲು ಸಾಧ್ಯವಿರಲಿಲ್ಲ. ಗೋಂದುವಿನ ದವಡೆ ಬಿಗಿದದ್ದು ನನಗೆ ಕಂಡಿತು.

ನಾನು ಡಬ್ಬಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದೆ. ಓಡಿ ಹೋದದ್ದು ಅವನಮ್ಮ.

"ಅಯ್ಯಯ್ಯೋ ನನ್ನವ್ವಾ" ಎನ್ನುತ್ತ ಹೋಗಿ ಅಮ್ಮನ ಪಕ್ಕ ನೆಲದ ಮೇಲೇ ಕೂತರು. ಒಂದು ಕೈಯಿಂದ ಹಣೆ ಹಿಡಿದರು, ಇನ್ನೊಂದು ಕೈಯಿಂದ ಬೆನ್ನು ನೀವಿದರು. "ಬರ‍್ಲಿ ಬರ‍್ಲಿ, ಪೂರ್ತಿ ಬಂದ್ಬಿಡ್ಲಿ. ಏನು ತಿಂದ್ರೋ ಏನೋ. ಲೋ, ನೀರು ತಾರೋ!" ಗೋಂದು ಚೊಂಬಿನಲ್ಲಿ ನೀರು ತಂದ. ಅವರು ಅಮ್ಮನ ಬಾಯಿ ತೊಳೆಸಿ, ಮೂಗು ಸೀಟಿಸಿ, ತಮ್ಮ ಟವೆಲಿನಿಂದಲೇ ಮುಖ ಒರೆಸಿದರು. ಅಮ್ಮ ಕಣ್ಣು ಮುಚ್ಚಿಕೊಂಡು, ಮಗುವಿನ ಹಾಗೆ ಮುಖ ಕೊಟ್ಟಳು. ಆ ಟವೆಲಿನ ಬಣ್ಣ ನಾನು ಹೇಳುವುದಿಲ್ಲ. ಆಮೇಲೆ ಅವರು ಅವಳ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು ಅಲ್ಲೇ ಕೂತಿದ್ದರು. ಪಾಳಿಯಿಂದ ಬಂದ ಬಟ್ಟೆಯಲ್ಲೇ ಇದ್ದೇನೆಂಬುದು ಅವರಿಗೆ ನೆನಪಾದದ್ದು ತುಂಬ ಹೊತ್ತಾದ ಮೇಲೆ. ಗಾಬರಿಯಾಗಿ ಎದ್ದೇಳಲು ಹೋದರು.

ಅಮ್ಮ ಅವರ ಮಣಿಕಟ್ಟು ಹಿಡಿದುಕೊಂಡಿದ್ದಳು. ಬಿಡಲಿಲ್ಲ. ಇನ್ನೂ ವಾಕರಿಕೆ ಬರುತ್ತಿತ್ತು, ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಆದರೂ ಬಿಡಲಿಲ್ಲ.

ಗೋಂದು ಚೊಂಬು ಹಿಡಿದು ನಿಂತು ತನ್ನ ಅಮ್ಮನನ್ನೇ ನೋಡುತ್ತಿದ್ದ. ನಾನು ಬೇರೆ ಕಡೆ ತಿರುಗಿದೆ. ಅವನು ಹೋಗಿ ತನ್ನಮ್ಮನ ಇನ್ನೊಂದು ಪಕ್ಕದಲ್ಲಿ ಕೂತ.

ಕ್ಷಮಿಸಿ ಎಂಬ ಮಾತು ಬರಲೇ ಇಲ್ಲ. ಬಿಸ್ಕತ್ತನ್ನು ಅವರಿಬ್ಬರೂ ನಾನೂ ತಿಂದೆವು. ಅಮ್ಮ ಒಂದು ಗುಟುಕು ನೀರು ಕುಡಿದಳಷ್ಟೆ.

ವಾಪಸ್ ಬರುವಾಗ ಬಸ್ಸು ಕಿಕ್ಕಿರಿದಿತ್ತು. ಯಾರೋ ಕೆಲಸ ಮುಗಿಸಿ ಬಂದವನ ಪಕ್ಕ ಒಂದೇ ಸೀ‍ಟು ಖಾಲಿ ಇತ್ತು, ಅಮ್ಮನನ್ನು ಅಲ್ಲಿ ಕೂರಿಸಿ ನಾನು ಅವನಿಗೆ ಒತ್ತಿಕೊಂಡು ನಿಂತೆ.

"ನಿಂಗೆ ವಾಸನೆ ಬರ‍್ಲಿಲ್ವಾ, ಅವರ ಮನೇಲಿ?" ಎಂದು ಕೇಳಿದಳು.

ನೆನಪು ಮಾಡಿಕೊಂಡೆ. ಬಂದಿರಬೇಕು.

"ತಪ್ಪಾಯ್ತು ಅನ್ನಕ್ಕೆ ಹೋದೋಳು ಅವರ ಬಾಗಿಲಲ್ಲಿ ಕಕ್ಕಿ ಬಂದೆ," ಅಂದಳು. "ಮಾತು ಬಾಯಲ್ಲೇ ಇತ್ತು ಕಣೇ. ಅದಕ್ಕಿಂತ ಮುಂಚೆ ಅದು ಬಂತು."

ಹೊರಗೆ ಒಂದೊಂದೇ ಅಂಗಡಿ ಹಿಂದಕ್ಕೆ ಸರಿಯುತ್ತಿತ್ತು. ಎರಡು ನಿಲ್ದಾಣ ದಾಟಿದ ಮೇಲೆ ಅವಳು ಬ್ಯಾಗನ್ನು ಮಡಿಲಲ್ಲಿ ನೆಟ್ಟಗಿಟ್ಟುಕೊಂಡು, ಕಚೇರಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು:

"ಮುಂದಿನ ಭಾನುವಾರ ಮತ್ತೆ ಹೋಗೋಣ. ಈ ಸಲ ಏನೂ ತಿನ್ನದೆ ಹೋಗ್ತೀನಿ."